ಕಂಡೆ, ಕಾಣೆ

ಸ್ವಾರ್‌ಗೇಟಿನಿಂದ ನಸುಕಿನ ನಾಲ್ಕಕ್ಕೆ ಹೊರಟ ಟೆಂಪೋದಲ್ಲಿ
ಹನ್ನೊಂದು ಜನ, ಒಂಬತ್ತು ದುರ್ಬೀನು,
ಒಂದು ಡಬ್ಬಿ ಚಕ್ಕುಲಿ.
ಮುಂದಿನ ಸೀಟಿನಿಂದ ಹೊರಳಿ ಪರಾಡ್ಕರರು ಹೇಳಿದರು:
ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿ.

ಹೊರಟದ್ದು ಒಂದೇ ಒಂದು ಹಕ್ಕಿಗಾಗಿ.
ಅಂಗೈ ತುಂಬುವಷ್ಟೂ ಇಲ್ಲ, ಮೈಯೆಲ್ಲ ತಂಬಾಕಿನ ಬಣ್ಣ,
ಗಂಟಲಲ್ಲಿ ಮಾತ್ರ ಒಂದು ಕೆಂಡ.
ಸೈಬೀರಿಯಾದಿಂದ ಇನ್ನೆಲ್ಲಿಗೋ ಹೋಗಬೇಕಾದದ್ದು
ತಿರುವು ತಪ್ಪಿ, ಭಿಗವಣದ ಹಿನ್ನೀರಿನ ಜೊಂಡಿನಲ್ಲಿ
ಮೂರು ದಿನದಿಂದ ಇದೆಯಂತೆ.
ಒಂದು 'ಅಂತೆ'ಯ ಬೆನ್ನು ಹತ್ತಿ
ನೂರು ಕಿಲೋಮೀಟರು.

ಲಹಾನು ದೋಣಿ ನೂಕಿದ.
ಮಗಳ ಶಾಲೆಯ ಸ್ವೆಟರು ಹಾಕಿದ್ದ,
ತೋಳು ಮೊಣಕೈಗೇ ಮುಗಿದಿತ್ತು.
ಎಂಜಿನು ಬೇಡವೆಂದು ಗಳ ಊರಿ ಊರಿ
ಪುಷ್ಯದ ಮಂಜಿನೊಳಗೆ ನಮ್ಮನ್ನು ನಡೆಸಿಕೊಂಡು ಹೋದ.
ಬಲಕ್ಕೆ, ಕೆಸರಿನ ದಿಣ್ಣೆಯಾಚೆ,
ರಾಜಹಂಸಗಳು ಸಾವಿರ ನಿಂತಿದ್ದವು
ತೊಳೆದು ಹರವಿದ ಸೀರೆಯ ಹಾಗೆ. ಯಾರೂ ಅತ್ತ ತಿರುಗಲಿಲ್ಲ.
ಸಾವಿರ ಇರುವುದನ್ನು ನೋಡಲು
ಮೂರಕ್ಕೆ ಯಾರು ಏಳುತ್ತಾರೆ?

ಆಮೇಲೆ, ಇದ್ದಕ್ಕಿದ್ದಂತೆ, ಪಿಸುಮಾತು:
ಅಲ್ಲಿ! ಎಡಕ್ಕೆ. ಮುರಿದ ಜೊಂಡಿನ ಹಿಂದೆ. ಎರಡು ಬೆರಳು ಕೆಳಗೆ.

ನನ್ನ ಕನ್ನಡಕ ನನ್ನದೇ ಉಸಿರಿಗೆ ಮಬ್ಬಾಗಿತ್ತು.
ಶಾಲಿನ ತುದಿಯಿಂದ ಒರೆಸಿದೆ, ಚಕ್ರ ತಿರುಗಿಸಿದೆ.
ಜೊಂಡು. ದೊಡ್ಡದಾದ ಜೊಂಡು.
ಇನ್ನೂ ದೊಡ್ಡದಾದ ಜೊಂಡು.
ಒಂದು ಕೆಂಪು ಮಿನುಗಿತು, ಎದೆ ಹಾರಿತು,
ಗುಟ್ಕಾ ಚೀಟಿ.

ಖೋರ್ಷೆದ್‌ಬಾಯಿ, ಎಪ್ಪತ್ತೆರಡು, ಮಂಡಿಗೆ ಪಟ್ಟಿ,
ಕಣ್ಣೊರೆಸಿಕೊಳ್ಳುತ್ತಿದ್ದರು.
'ದಿಸಲಾ?' ಎಂದರು ಪರಾಡ್ಕರರು ನನ್ನ ಕಿವಿಗೆ.
ನಮ್ಮಲ್ಲಿ 'ಕಾಣೆ' ಎಂದರೆ ನೋಡಲಿಲ್ಲ,
'ಕಾಣೆ' ಎಂದರೆ ಗೊತ್ತಿಲ್ಲ,
ಮನೆಗೆ ಬಾರದವರ ಚಿತ್ರದ ಕೆಳಗೂ ಅದೇ ಮಾತು.
ಮೂರೂ ನಿಜವಿತ್ತು ಆ ಗಳಿಗೆಯಲ್ಲಿ.
ನಾನು ಮರಾಠಿಯಲ್ಲಿ ಉತ್ತರಿಸಿದೆ:
'ದಿಸಲಾ.'

ಊಟಕ್ಕೆ ಹುರಿದ ಚಿಲಾಪಿ, ಬಿಸಿ ರೊಟ್ಟಿ, ಠೇಚಾ.
ಪರಾಡ್ಕರರ ವಹಿಯಲ್ಲಿ ಹನ್ನೊಂದು ಹೆಸರಿಗೆ ಹನ್ನೊಂದು ಗುರುತು.
ಒಬ್ಬರು ಹುಬ್ಬಿನ ಬಿಳಿಗೆರೆ ವರ್ಣಿಸಿದರು,
ಒಬ್ಬರು ಕುಪ್ಪಳಿಸಿದ ರೀತಿ.
ಮುಳ್ಳು ಬಿಡಿಸುತ್ತ ನಾನೂ ಸೇರಿಸಿದೆ,
ಬಾಲ ಎತ್ತಿತು ಒಮ್ಮೆ.
'ಹೌದು ಹೌದು,' ಎಂದಿತು ಆಚೆ ಬದಿಯ ದನಿಯೊಂದು,
'ಎರಡು ಸಲ.'

ಕೈ ತೊಳೆಯುವ ನೆವದಿಂದ ದಂಡೆಗೆ ಹೋದೆ.
ಲಹಾನು ಡಾಲ್ಡಾ ಡಬ್ಬಿಯಿಂದ ದೋಣಿಯ ನೀರು ಎತ್ತಿ ಚೆಲ್ಲುತ್ತಿದ್ದ.
ನಾನಿನ್ನೂ ಬಾಯಿ ತೆರೆದಿರಲಿಲ್ಲ.
'ನೀವು ನೋಡಲಿಲ್ಲ, ಸಾಹೇಬ. ದೋಣಿ ಹೇಳುತ್ತೆ.
ಹಕ್ಕಿ ಕಂಡವನ ಭಾರ ತನಗೆ ಗೊತ್ತಿಲ್ಲದೆ ಅತ್ತ ವಾಲುತ್ತೆ.
ನಿಮ್ಮದು ಕಲ್ಲಿನ ಹಾಗೆ ಕೂತೇ ಇತ್ತು.'
ಹಾಗಾದರೆ ಇವತ್ತು ಎಷ್ಟು ಜನ ವಾಲಿದರು?
ಡಬ್ಬಿ ನಿಲ್ಲಿಸಿ ನಕ್ಕ.
'ಅದನ್ನು ಹೇಳಿದರೆ ನಾಳೆ ಯಾರು ಬರುತ್ತಾರೆ?'

ನೀನು ನೋಡಿದೆಯಾ, ಎಂದು ಕೇಳಿದೆ.
'ನನ್ನ ಕಣ್ಣು ನೀರಿನಲ್ಲಿ ಇರಬೇಕಲ್ಲ.
ಆ ಜೊಂಡಿನ ಪಕ್ಕ, ಕೆಳಗೆ, ನಮ್ಮಜ್ಜನ ಬಾವಿಯ ಕಟ್ಟೆ ಇದೆ.
ಒಂದು ಗೇಣು ತಪ್ಪಿದರೆ ದೋಣಿಯ ತಳ ಸೀಳುತ್ತೆ.'
ಮತ್ತೆ ನೀರು ಚೆಲ್ಲತೊಡಗಿದ.

ವಾಪಸು ಬರುವಾಗ ಎಲ್ಲರೂ ಬಾಯಿ ತೆರೆದು ಮಲಗಿದ್ದರು,
ಪರಾಡ್ಕರರ ತೊಡೆಯ ಮೇಲೆ ವಹಿ, ವಹಿಯ ಮೇಲೆ ಚಕ್ಕುಲಿಯ ಪುಡಿ.
ನಾನು ಎಚ್ಚರವಿದ್ದೆ.
ಇದೇ ಭೀಮೆ ನಮ್ಮ ಇಂಡಿಯ ಕಡೆಗೂ ಇಳಿಯುತ್ತದೆ,
ಕಟ್ಟೆಯವರು ಬಾಗಿಲು ತೆಗೆದರೆ.

ಕೊಥ್ರೂಡಿನ ಮೂರನೇ ಮಹಡಿಯಲ್ಲಿ
ಸುಗಂಧಾ ಕುಕ್ಕರಿನ ಸೀಟಿ ಎಣಿಸುತ್ತ ಕೇಳಿದಳು:
ಏನ್ ಕಂಡ್ರಿ?
ಕನ್ನಡದಲ್ಲಿ ಕೇಳಿಬಿಟ್ಟಳು.

ಗುಟ್ಕಾ ಚೀಟಿ, ಎಂದೆ.
ಅದಕ್ಕ ಇಷ್ಟು ದೂರ?
ಕೆಂಪಗಿತ್ತು, ಎಂದೆ.
ಭಾಳ ಕೆಂಪಗಿತ್ತು.